ಚನ್ನೇಶನ ಮನೆವಾರ್ತೆ

ಬಾಣಾವರದ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಶಶಿಕಿರಣ್, ಕಿರಿಯವನು ಚನ್ನೇಶ. ಹೆಣ್ಣುಮಕ್ಕಳಿರಲಿಲ್ಲ. ಹಾಗಾಗಿ ಅವರ ಹೆಂಡತಿ ಕಾಂತಮ್ಮನವರ ಕೈಕಾಲಿನ ಗೆಣ್ಣುಗಳು ಊದಿಕೊಂಡು, ಮೊದಲು ಬಿಂದಿಗೆ ಎತ್ತಲಾರದೆ, ಆಮೇಲೆ ಲೋಟವನ್ನೂ ಹಿಡಿಯಲಾರದೆ ಹೋದಾಗ ಮನೆಗೆಲಸ ಮಾಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಕೆಲಸಕ್ಕೆ ಹೆಂಗಸರನ್ನು ಗೊತ್ತು ಮಾಡಿದರು. ಕಾಂತಮ್ಮನವರ ಬಾಯಿಗೆ ಹೆದರಿ ಯಾರೂ ತಿಂಗಳು ತುಂಬ ನಿಲ್ಲಲಿಲ್ಲ.

ಚನ್ನೇಶ ಆಗಷ್ಟೇ ಬಿ.ಕಾಂ.ನಲ್ಲಿ ನಪಾಸಾಗಿ ಮನೆಯಲ್ಲಿದ್ದ. ಅಣ್ಣ ಅಪ್ಪನ ಜೊತೆ ದಿನವೂ ಅರಸೀಕೆರೆಯ ಮಂಡಿಗೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಷಡಕ್ಷರಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಬೇರೆ ಯಾರಾದ್ರೂ ಸಿಗೋ ತನಕ ನೀನೇ ಒಂಚೂರು ನೋಡ್ಕೊಳೋ," ಎಂದರು. ಆ ತನಕ ಎಂದರೆ ಎಲ್ಲಿಯ ತನಕ ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಕಾಂತಮ್ಮನವರ ಮಂಚವನ್ನು ನಡುಮನೆಗೆ ತಂದು ಹಾಕಿದ್ದರು. ಅಲ್ಲಿಂದ ಒಂದು ಕಡೆ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು, ಇನ್ನೊಂದು ಕಡೆ ಹಿತ್ತಲ ಬಾಗಿಲು. ಅವರು ಮಲಗಿದಲ್ಲಿಂದಲೇ ಮಗನನ್ನು ನಡೆಸಿದರು. ಕಾಣದ ಕೆಲಸವನ್ನು ಕಿವಿಯಿಂದ ನೋಡುತ್ತಿದ್ದರು.

"ಸಾಸಿವೆ ಇನ್ನೂ ಸಿಡೀತಾ ಐತೆ, ಕರಿಬೇವು ಯಾಕೆ ಹಾಕ್ದೆ?"

"ಹಾಕಿಲ್ಲ ಕಣಮ್ಮ."

"ಸುಳ್ಳು ಹೇಳ್ಬೇಡ. ಚೊಯ್ ಅಂದಿದ್ದು ಕೇಳಿಸ್ತು."

ಮೊದಲ ದಿನದ ಮುದ್ದೆ ಗಂಟು ಗಂಟಾಗಿತ್ತು. ಶಶಿಕಿರಣ್ ತಟ್ಟೆಯನ್ನು ಮುಂದಕ್ಕೆ ನೂಕಿ ಅಮ್ಮನ ಮುಖ ನೋಡಿದ. "ತಿನ್ನು, ನಾಳೆ ಗಂಟಿರಲ್ಲ," ಎಂದರು ಕಾಂತಮ್ಮ. ಮಾರನೆಯ ದಿನವೂ ಗಂಟು ಇತ್ತು. ಆದರೆ ಆ ಮಾತಿನ ಮೇಲೆ ಯಾರೂ ತಟ್ಟೆ ನೂಕಲಿಲ್ಲ. ಹಿಟ್ಟು ಬೇಯುವಾಗ ಕೋಲನ್ನು ಎಷ್ಟು ಹೊತ್ತು ನೆಟ್ಟಗೆ ನಿಲ್ಲಿಸಬೇಕು, ಯಾವಾಗ ತಿರುವಬೇಕು ಎಂಬುದು ಚನ್ನೇಶನ ತೋಳಿಗೆ ಹತ್ತಲು ಒಂದು ಮಳೆಗಾಲ ಹಿಡಿಯಿತು. ಉಳಿದದ್ದು ಅಷ್ಟು ಕಷ್ಟವಾಗಲಿಲ್ಲ. ಕಾಯಿಮಟ್ಟೆ ಒಡ್ಡಿ ಹಂಡೆಗೆ ಉರಿ ಹಾಕುವುದು, ಅಪ್ಪನ ಲಿಂಗಪೂಜೆಗೆ ಬೆಳಿಗ್ಗೆಯೇ ಹೂವು ಪತ್ರೆ ತಂದು ತಟ್ಟೆಯಲ್ಲಿ ಜೋಡಿಸುವುದು, ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸುವುದು, ದಾಸವಾಳಕ್ಕೆ ಬಿಳಿ ಹುಳ ಬಿದ್ದರೆ ಬೂದಿ ಎರಚುವುದು, ಬಿದ್ದ ಸೋಗೆಯಿಂದ ಕಡ್ಡಿ ಹೆರೆದು ಪೊರಕೆ ಕಟ್ಟುವುದು. ಅಮ್ಮನಿಗೆ ಸ್ನಾನ ಮಾಡಿಸಲು ಮಾತ್ರ ಪಕ್ಕದ ಮನೆಯ ಸುಮಿತ್ರಮ್ಮ ಬರುತ್ತಿದ್ದರು. ಸ್ನಾನವಾದ ಮೇಲೆ ತಲೆ ಬಾಚಿ ಜಡೆ ಹಾಕುವುದು ಚನ್ನೇಶನ ಕೆಲಸ.

ಊರವರಿಗೆ ಇದು ಮೊದಲು ಅಯ್ಯೋ ಪಾಪ ಅನ್ನಿಸಿತು, ಆಮೇಲೆ ನಗೆ ಬಂತು, ಕೊನೆಗೆ ರೂಢಿಯಾಯಿತು. ಅಂಗಳದಲ್ಲಿ ಗಂಡುಹುಡುಗ ಕುಕ್ಕುರುಗಾಲಲ್ಲಿ ಕೂತು ರಂಗೋಲಿ ಎಳೆಯುವುದನ್ನು ನೋಡಲು ಶಾಲೆಗೆ ಹೋಗುವ ಮಕ್ಕಳು ಕೆಲವು ದಿನ ನಿಂತವು. ಆಮೇಲೆ ಅವೂ ನಿಲ್ಲಲಿಲ್ಲ. ಮಂಡಿಯಲ್ಲಿ ಯಾರಾದರೂ ಕಿರಿಯ ಮಗನನ್ನು ವಿಚಾರಿಸಿದರೆ ಷಡಕ್ಷರಪ್ಪನವರು "ಇದಾನೆ" ಎಂದಷ್ಟೇ ಹೇಳಿ ಕೊಬ್ಬರಿಯ ಮಾತಿಗೆ ತಿರುಗುತ್ತಿದ್ದರು.

ಹೀಗೆ ಎಷ್ಟೋ ವರ್ಷ ಕಳೆದವು. ಚನ್ನೇಶನಿಗೆ ತಾನು ಕಾಯುತ್ತಿದ್ದೇನೆ ಎಂಬುದು ಮರೆತುಹೋಗಿತ್ತು. ಒಂದು ಮಾಗಿಯ ಬೆಳಿಗ್ಗೆ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಾಗ ಕಾಂತಮ್ಮನವರು ಹಿತ್ತಲ ಕಡೆ ಕಣ್ಣು ಹಾಯಿಸಿ, "ಆ ಮೂಲೇಲಿ ನೀರು ನಿಂತೈತೆ ನೋಡು, ಸೊಳ್ಳೆ ಆಗ್ತವೆ," ಎಂದರು. ಅವನು ಹೋಗಿ ಗುದ್ದಲಿಯಿಂದ ಕಾಲುವೆ ಬಿಡಿಸಿ ಬಂದಾಗ ಅವರು ಲಿಂಗೈಕ್ಯರಾಗಿದ್ದರು. ಮಣ್ಣಾದ ಕೈಯನ್ನು ತೊಳೆದುಕೊಂಡೇ ಅವನು ಅಮ್ಮನನ್ನು ಮುಟ್ಟಿದ್ದು. ಅದಕ್ಕೂ ಅವರ ಬೈಗುಳ ಕೇಳಿ ಬಂದ ಅಭ್ಯಾಸವೇ ಕಾರಣ.

ಅಮ್ಮ ಹೋದ ಮೇಲೆ ಮನೆಗೊಂದು ಹೆಣ್ಣು ಬೇಕೆಂದು ಎಲ್ಲರೂ ಅಂದರು. ವರ್ಷ ತುಂಬುವುದರೊಳಗೆ ಶಶಿಕಿರಣನಿಗೆ ಹಾರನಹಳ್ಳಿಯಿಂದ ಪುಷ್ಪಲತಾಳನ್ನು ತಂದರು. ಚುರುಕಾದ ಹುಡುಗಿ. ತೋಟದ ಮನೆಯಲ್ಲಿ ಬೆಳೆದವಳು. ಅತ್ತೆಯಿಲ್ಲದ ಮನೆಗೆ ಹೋಗುತ್ತಿದ್ದೇನೆ, ಮೊದಲ ದಿನದಿಂದಲೇ ಮನೆ ನನ್ನದು ಎಂದುಕೊಂಡು ಬಂದಿದ್ದಳು.

ಬಂದ ಮೊದಲ ಬೆಳಿಗ್ಗೆ ಕತ್ತಲಿದ್ದಂತೆಯೇ ಎದ್ದು, ಪೊರಕೆ ಹುಡುಕಿಕೊಂಡು ಬಾಗಿಲು ತೆಗೆದಳು. ಅಂಗಳ ಗುಡಿಸಿ ನೀರು ಹಾಕಿಯಾಗಿತ್ತು. ಬಾಗಿಲ ಮುಂದೆ ರಂಗೋಲಿ ಇತ್ತು. ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟಿತ್ತು.

"ಯಾರು ಹಾಕಿದ್ದು ಇದನ್ನ?" ಎಂದಳು.

ಬಚ್ಚಲ ಒಲೆಗೆ ಮಟ್ಟೆ ಒಡ್ಡುತ್ತಿದ್ದ ಚನ್ನೇಶ ತಲೆ ಎತ್ತಿ, "ನಾನೇ ಅತ್ತಿಗೆ. ನೀವಿನ್ನೂ ಒಂಚೂರು ಮಲಗಬೇಕಿತ್ತು. ಕಾಫಿ ಸೋಸಿಟ್ಟಿದೀನಿ," ಎಂದ.

ಅವನಿಗದು ಉಪಚಾರ. ಅವಳು ಕಾಫಿ ಕುಡಿದಳು, ಚೆನ್ನಾಗಿತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಪುಷ್ಪಲತಾ ಒಳ್ಳೆಯವಳು. ಜಗಳಕ್ಕೆ ನಿಲ್ಲುವ ಸ್ವಭಾವ ಅವಳದಲ್ಲ. ಅವಳು ಸಾರಿಗೆ ಇಟ್ಟರೆ ಅವನು ಬಂದು ಉರಿ ಸಣ್ಣದು ಮಾಡಿ ಹೋಗುತ್ತಿದ್ದ. ಅವಳು ಡಬ್ಬಿಗಳನ್ನು ತನಗೆ ಬೇಕಾದಂತೆ ಜೋಡಿಸಿದರೆ ಸಂಜೆಗೆ ಅವು ಮೊದಲಿದ್ದ ಜಾಗಕ್ಕೆ ಬಂದಿರುತ್ತಿದ್ದವು. ಬೇಕೆಂದು ಮಾಡಿದ್ದಲ್ಲ, ಅವನ ಕೈ ತಾನಾಗಿ ಹಾಗೆ ಇಡುತ್ತಿತ್ತು. ತೌರಿಂದ ಅವಳ ತಾಯಿ ಬಂದಾಗ ಚನ್ನೇಶನೇ ಬಡಿಸಿದ. ಆಕೆ ಉಂಡು ಕೈ ತೊಳೆದು ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಮೈದುನ ಬಡಿಸಿದ್ದನ್ನ ತಿಂದ್ಕೊಂಡು ಕೂತಿರೋಕೆ ಕೊಟ್ವೇನೇ ನಿನ್ನ?" ಎಂದಳು. ಸುಮಿತ್ರಮ್ಮನವರೂ ನಲ್ಲಿಯ ಬಳಿ ನಗುತ್ತಲೇ, "ಪುಣ್ಯವಂತೆ ಕಣೆ ನೀನು, ಗಂಡಸೇ ಅಡುಗೆ ಮಾಡಿ ಹಾಕ್ತಾನೆ," ಎಂದರು. ಅದು ಹೊಗಳಿಕೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ, ಗಂಡಸರಿಬ್ಬರೂ ಮಂಡಿಯಲ್ಲಿದ್ದಾಗ, ಅವಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಚನ್ನೇಶ ಅವರೆಕಾಳು ಹಿಸುಕುತ್ತಿದ್ದ.

"ಚನ್ನೇಶ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಮನೇಲಿ ನಾನೆಲ್ಲಿ ನಿಂತ್ಕೊಳ್ಲಿ ಹೇಳು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮಡಿಲಲ್ಲಿದ್ದ ಕಾಳಿನ ತಟ್ಟೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದ. "ಉಪ್ಪಿನಕಾಯಿ ಜಾಡಿ ಮೇಲಿನ ಗೂಡಲ್ಲೈತೆ, ಅದರ ಬಾಯಿಗೆ ಕಟ್ಟಿರೋ ಬಟ್ಟೆ ಬದಲಾಯಿಸ್ಬೇಕು," ಎಂದಷ್ಟೇ ಹೇಳಿ ಹೊರಗೆ ಹೋದ. ಅವಳಿಗೆ ಗೆದ್ದೆ ಅನ್ನಿಸಲಿಲ್ಲ. ಉಳಿದ ಕಾಳನ್ನು ಕೂತು ಹಿಸುಕಿದಳು.

ಮಾರನೆಯ ದಿನದಿಂದ ಚನ್ನೇಶ ಅಪ್ಪನ ಜೊತೆ ಮಂಡಿಗೆ ಹೊರಟ. ಷಡಕ್ಷರಪ್ಪನವರಿಗೆ ಖುಷಿಯೇ ಆಯಿತು. ಬಸ್ಸಿನಲ್ಲಿ ಮಗನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಮಂಡಿಯಲ್ಲಿ ಕೊಬ್ಬರಿ ಅಲುಗಿಸಿ ಸದ್ದು ಕೇಳಿ ಬೇರ್ಪಡಿಸುವುದು ಚನ್ನೇಶನಿಗೆ ಬೇಗ ಬಂತು. ವ್ಯಾಪಾರ ಬರಲಿಲ್ಲ. ರೈತ ಒಂದು ಬೆಲೆ ಹೇಳಿದರೆ ಇವನಿಗೆ ಅದೇ ಸರಿ ಅನ್ನಿಸುತ್ತಿತ್ತು. ದಲ್ಲಾಳಿ ಇನ್ನೊಂದು ಹೇಳಿದರೆ ಅದೂ ಸರಿ. ಕೂಗಾಟದ ನಡುವೆ ಅವನಿಗೆ ತಲೆನೋವು ಬರುತ್ತಿತ್ತು. ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಮಂಡಿಯ ನೆಲವನ್ನು ಗುಡಿಸಲು ಶುರುಮಾಡಿದ. ಚೀಲ ಹೊರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ಇಲ್ಲೂ ಪೊರಕೇನಾ?" ಎಂದರು ಷಡಕ್ಷರಪ್ಪನವರು. ಜೋರಾಗಿ ಹೇಳಲಿಲ್ಲ.

ಮರುದಿನ ಚನ್ನೇಶ ಹೊರಡಲಿಲ್ಲ, ಅವರೂ ಕರೆಯಲಿಲ್ಲ.

ಅಡುಗೆಮನೆ ಹೋಗಿತ್ತು, ಮಂಡಿ ಸೇರಲಿಲ್ಲ. ಉಳಿದದ್ದು ಹಿತ್ತಲು. ಅದರ ಮೇಲೆ ಯಾರ ಹಕ್ಕೂ ಇರಲಿಲ್ಲ. ಅಮ್ಮನ ಕಾಲದಲ್ಲಿ ಮನೆಯ ಖರ್ಚಿಗೆಷ್ಟೋ ಅಷ್ಟು ಬೆಳೆಯುತ್ತಿದ್ದರು. ಚನ್ನೇಶ ಅದನ್ನು ಬೇಲಿಯವರೆಗೂ ಅಗೆದ. ಅವರೆ, ಚಪ್ಪರದ ಹೀರೆ, ಬದನೆ, ದಂಟು, ಮೂಲೆಯಲ್ಲಿ ಕೆಸು. ಬೇಸಿಗೆಯಲ್ಲಿ ಬಟ್ಟೆ ಒಗೆದ ನೀರನ್ನೂ ಬಿಡದೆ ಹೊತ್ತು ಹಾಕಿದ. ಪುಷ್ಪಲತಾ ಅಡುಗೆಮನೆಯ ಕಿಟಕಿಯಿಂದ "ಎರಡೆಳೆ ಕೊತ್ತಂಬರಿ" ಎಂದು ಕೂಗಿದರೆ ಕಿತ್ತು, ತೊಳೆದು, ಸರಳುಗಳ ನಡುವೆ ತೂರಿಸುತ್ತಿದ್ದ. ಒಂದೊಂದು ದಿನ ಅವಳು ಸೌಟನ್ನೇ ಸರಳಿನಾಚೆ ನೀಡಿ, "ಉಪ್ಪು ಸರಿಯಾಗೈತಾ ನೋಡು," ಅನ್ನುತ್ತಿದ್ದಳು. ಅವನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ ತಲೆ ಆಡಿಸುತ್ತಿದ್ದ. ಸರಿಯಿಲ್ಲದಿದ್ದರೂ ಸರಿಯಿದೆ ಅನ್ನುತ್ತಿದ್ದ. ಅವರ ನಡುವೆ ಸ್ನೇಹ ಬೆಳೆದದ್ದು ಆ ಕಿಟಕಿಯಲ್ಲಿ.

ಚನ್ನೇಶನಿಗೆ ಹೆಣ್ಣು ನೋಡಲು ಹೋದಲ್ಲೆಲ್ಲ ಒಂದೇ ಕತೆ. ಹುಡುಗ ಏನು ಮಾಡುತ್ತಾನೆ ಎಂದು ಕೇಳುತ್ತಿದ್ದರು. ಮಂಡಿ ಇದೆ ಎಂದು ಷಡಕ್ಷರಪ್ಪನವರು ಹೇಳುತ್ತಿದ್ದರು. ಬಾಣಾವರದಲ್ಲಿ ಯಾರನ್ನಾದರೂ ವಿಚಾರಿಸಿದ ಮೇಲೆ ಹೆಣ್ಣಿನ ಕಡೆಯವರು ಫೋನ್ ಎತ್ತುತ್ತಿರಲಿಲ್ಲ. ವಯಸ್ಸು ಮೂವತ್ತು ದಾಟಿ ಮುಂದೆ ಹೋಯಿತು. ಅವನೇ, "ಬಿಡಿ ಅಪ್ಪಾಜಿ, ಸುಮ್ನೆ ಯಾಕೆ ಬಸ್ಸು ಹತ್ತಿ ಇಳಿಯೋದು," ಎಂದ.

ಶರ್ಮಿಳಾಳ ವಿಷಯ ತಂದದ್ದು ಸುಮಿತ್ರಮ್ಮ. ಹಳೇಬೀಡಿನ ಹತ್ತಿರದ ಬಸ್ತಿಹಳ್ಳಿಯವಳು. ತಂದೆ ಇಲ್ಲ. ಅವಳು ಅರಸೀಕೆರೆ ಡಿಪೋದಲ್ಲಿ ಕಂಡಕ್ಟರ್. ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮೇಲೆ ಹಳೇಬೀಡು, ಬೇಲೂರಿಗೆ ಹೋಗುವ ಬಸ್ಸು ಅವಳದು. ನೋಡಲು ಬಂದ ಗಂಡುಗಳೆಲ್ಲ ಕೆಲಸ ಬಿಡು ಅಂದಿದ್ದರು, ಅವಳು ಗಂಡುಗಳನ್ನೇ ಬಿಟ್ಟಿದ್ದಳು.

ಷಡಕ್ಷರಪ್ಪನವರು, "ದಿನಾ ಊರ ಮುಂದೆ ಟಿಕೆಟ್ ಹರಿಯೋಳು ನಮ್ಮನೆ ಸೊಸೇನಾ?" ಎಂದರು. ಆಗ ಮಾತಾಡಿದವಳು ಪುಷ್ಪಲತಾ.

"ನೋಡೋಕೇನು ಮಾವ? ಅವರೇ ಬರ್ತೀವಿ ಅಂದವ್ರೆ. ಬಂದು ನೋಡ್ಕೊಂಡು ಹೋಗ್ಲಿ."

ಅವಳ ಮಾತಿನಲ್ಲಿ ಮೈದುನನ ಮೇಲಿನ ಅಕ್ಕರೆ ಎಷ್ಟು, ಅವನಿಗೊಂದು ಬೇರೆ ಮನೆಯಾಗಲಿ ಎಂಬ ಆಸೆ ಎಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ಎರಡೂ ಇದ್ದಿರಬೇಕು.

ಶರ್ಮಿಳಾ ರಜೆಯ ದಿನ ತನ್ನ ದೊಡ್ಡಪ್ಪನ ಜೊತೆ ಬಂದಳು. ಹಾಲ್‌ನಲ್ಲಿ ಉಪ್ಪಿಟ್ಟು ತಿಂದು, ಲೋಟ ಕೆಳಗಿಟ್ಟು, "ನಾನು ಅವರ ಹತ್ರ ಒಂದೆರಡು ಮಾತಾಡ್ಬೇಕು," ಎಂದು ನೇರವಾಗಿ ಹೇಳಿದಳು. ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು. ಚನ್ನೇಶ ಎಲ್ಲಿ ಕೈ ಇಡಬೇಕೋ ತೋಚದೆ ಹೀರೆ ಬಳ್ಳಿಯ ಒಣಗಿದ ಎಲೆಗಳನ್ನು ಕೀಳತೊಡಗಿದ.

"ನಿಮಗೆ ಅಡುಗೆ ಬತ್ತದಂತೆ," ಎಂದಳು ಶರ್ಮಿಳಾ.

"ಬರ್ತದೆ."

"ಸುಮ್ನೆ ಶೋಕಿಗೆ ಒಂದಿನ ಮಾಡೋದಾ, ದಿನಾ ಮಾಡೋದಾ?"

"ದಿನಾ ಮಾಡ್ತಿದ್ದೆ. ಈಗ ಅತ್ತಿಗೆ ಮಾಡ್ತಾರೆ."

"ನಂಗೆ ಫಸ್ಟ್ ಟ್ರಿಪ್ ಇದ್ರೆ ಬೆಳಕು ಹರಿಯೋಕ್ ಮುಂಚೆ ಡಿಪೋದಲ್ಲಿರ್ಬೇಕು. ಒಂದೊಂದಿನ ಬೇಲೂರಲ್ಲೇ ಹಾಲ್ಟು, ಮನೆಗೇ ಬರಲ್ಲ. ಜನ ಬಾಯಿಗೆ ಬಂದಂಗೆ ಮಾತಾಡ್ತಾರೆ, ನಾನೂ ಬಿಡಲ್ಲ. ಮನೆಗೆ ಬಂದಾಗ ಒಂದೊಂದಿನ ಆ ಸಿಟ್ಟು ಜೊತೇಲೇ ಬಂದಿರ್ತದೆ. ಇದೆಲ್ಲ ಮೊದ್ಲೇ ಹೇಳಿದೀನಿ. ಕೆಲಸ ಬಿಡು ಅಂತೀರಾ?"

ಚನ್ನೇಶ ಎಲೆ ಕೀಳುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದ. "ಅಷ್ಟು ಬೆಳಿಗ್ಗೆ ಅಂದ್ರೆ ಬುತ್ತಿಗೆ ರೊಟ್ಟಿನೇ ಸರಿ," ಎಂದ. "ಮುದ್ದೆ ತಣ್ಣಗಾದ್ರೆ ಚೆನ್ನಾಗಿರಲ್ಲ."

ಶರ್ಮಿಳಾ ನಕ್ಕುಬಿಟ್ಟಳು. ಒಳಗಿದ್ದವರಿಗೆಲ್ಲ ಆ ನಗು ಕೇಳಿಸಿತು. ದೊಡ್ಡಪ್ಪ ಷಡಕ್ಷರಪ್ಪನವರ ಮುಖ ನೋಡಿದ. ಷಡಕ್ಷರಪ್ಪನವರು ಮೇಲೆ ಫ್ಯಾನ್ ನೋಡಿದರು.

ಮದುವೆ ಮಠದಲ್ಲಿ ಸರಳವಾಗಿ ಆಯಿತು. ಡಿಪೋ ಹತ್ತಿರವಿರಲೆಂದು ಅರಸೀಕೆರೆಯಲ್ಲಿ, ರೈಲ್ವೆ ಹಳಿಯ ಆಚೆ ಬದಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಮಂಡಿಯ ಲಾಭದಲ್ಲಿ ಚನ್ನೇಶನ ಪಾಲು ಶಶಿಕಿರಣ್ ತಾನಾಗಿಯೇ ಕಳಿಸುತ್ತಿದ್ದ. ಮನೆಯ ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟಿ ಜಾಗವಿತ್ತು, ಇಟ್ಟಿಗೆ ಚೂರು, ಗಾಜು ತುಂಬಿಕೊಂಡಿತ್ತು. ಚನ್ನೇಶ ಅದನ್ನು ಜರಡಿ ಹಿಡಿದು ಮಣ್ಣು ಮಾಡಿದ. ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು, ಕೆಲವು ವಾರ ಬರುತ್ತಲೂ ಇರಲಿಲ್ಲ. ಡ್ರಮ್ಮು, ಬಿಂದಿಗೆ, ಬಕೆಟ್ಟು ಎಲ್ಲವನ್ನೂ ತುಂಬಿ, ಅಕ್ಕಿ ತೊಳೆದ ನೀರು ಸೊಪ್ಪಿಗೆ, ಪಾತ್ರೆ ತೊಳೆದ ನೀರು ಬಾಳೆಗೆ ಎಂದು ಹಂಚಿದ. ಶರ್ಮಿಳಾ ಖಾಕಿ ಹಾಕಿಕೊಂಡು ಹೊರಡುವ ಹೊತ್ತಿಗೆ ರೊಟ್ಟಿ, ಚಟ್ನಿಪುಡಿ, ಮಜ್ಜಿಗೆಯ ಬಾಟಲಿ ಬ್ಯಾಗಿನ ಪಕ್ಕದಲ್ಲಿರುತ್ತಿದ್ದವು. ಅವಳ ಯೂನಿಫಾರ್ಮಿಗೆ ಅವನೇ ಇಸ್ತ್ರಿ ಹಾಕುತ್ತಿದ್ದ. ಚೆನ್ನಾಗಿಯೇ ನಡೆಯುತ್ತಿತ್ತು.

ಒಂದು ಭಾನುವಾರ ಅವಳ ಬಸ್ಸಿನ ಡ್ರೈವರ್ ಕೆಂಚಯ್ಯ ಹೆಂಡತಿಯೊಡನೆ ಊಟಕ್ಕೆ ಬಂದ. ಚನ್ನೇಶ ಬೆಳಗಿನಿಂದ ನಿಂತು ಒಬ್ಬಟ್ಟು ಮಾಡಿದ್ದ. ಬಡಿಸುತ್ತಿರುವಾಗ ಕೆಂಚಯ್ಯ ಸಹಜವಾಗಿ, "ಯಜಮಾನ್ರು ಏನ್ ಮಾಡ್ಕೊಂಡವ್ರೆ?" ಎಂದು ಕೇಳಿದ.

"ಏನಿಲ್ಲ ಕಣಣ್ಣ, ಮನೇಲಿರ್ತಾರೆ," ಎಂದಳು ಶರ್ಮಿಳಾ.

ಚನ್ನೇಶ ಆಗ ಅವಳ ಎಲೆಗೇ ಒಬ್ಬಟ್ಟಿನ ಸಾರು ಬಿಡುತ್ತಿದ್ದ. ಸೌಟು ಒಂದು ಕ್ಷಣ ನಿಂತಿತು, ಮತ್ತೆ ಬಗ್ಗಿತು. ಯಾರೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಅವನಿಗೆ ಎಚ್ಚರವಾಯಿತು. ಎದ್ದೇಳಬೇಕು ಅನ್ನಿಸಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಹೀಗೆ ಮಾಡಬೇಕೆಂದು ಅವನು ಯೋಚಿಸಿಟ್ಟುಕೊಂಡದ್ದೇನೂ ಅಲ್ಲ. ಶರ್ಮಿಳಾ ಎದ್ದು, ಒಲೆ ತಣ್ಣಗಿರುವುದನ್ನು ನೋಡಿ, ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿದಳು. ಜ್ವರವಿರಲಿಲ್ಲ. ಹೊತ್ತಾಗಿತ್ತು, ಹಾಗೇ ಹೊರಟಳು. ಸಂಜೆ ಅವಳು ಬಂದಾಗ ನಿನ್ನೆಯ ಪಾತ್ರೆಗಳು ನಿನ್ನೆ ಇದ್ದಲ್ಲೇ ಇದ್ದವು. ಅಂಗಳಕ್ಕೆ ಪೊರಕೆ ಬಿದ್ದಿರಲಿಲ್ಲ. ಬೆಳಿಗ್ಗೆ ನಲ್ಲಿ ಬಂದು ಹೋಗಿತ್ತು, ಡ್ರಮ್ಮುಗಳು ಖಾಲಿ. ಚನ್ನೇಶ ಮೆಟ್ಟಿಲ ಮೇಲೆ ಕೂತಿದ್ದ.

"ಏನ್ರೀ ಇದು?"

"ಏನಿಲ್ಲ. ಮನೇಲಿದ್ದೆ."

ಅವಳಿಗೆ ತಕ್ಷಣ ಹೊಳೆಯಿತು. ಹೊಳೆದದ್ದಕ್ಕೇ ಸಿಟ್ಟೂ ಬಂತು. ದಿನವಿಡೀ ನಿಂತು ಬಂದವಳು.

"ಅಷ್ಟಕ್ಕೆ ನೀರೂ ಹಿಡೀದೆ ಕೂತ್ರಾ? ಒಂದು ಮಾತು ಹೇಳೋದಲ್ವಾ?"

"ನಂಗೂ ಈಗ್ಲೇ ಗೊತ್ತಾಗಿದ್ದು," ಎಂದ ಚನ್ನೇಶ. "ನಮ್ಮಮ್ಮ ಮಲಗಿದಾಗಿಂದ ಮಾಡ್ತಿದೀನಿ. ಅಪ್ಪಾಜಿ ಏನೂ ಅನ್ನಲ್ಲ, ಊರೋರು ನಗ್ತಾರೆ, ಅದೆಲ್ಲ ಇರ್ಲಿ. ನಿಂಗೊಬ್ಳಿಗೆ ಗೊತ್ತೈತೆ ಅಂದ್ಕೊಂಡಿದ್ದೆ."

ಶರ್ಮಿಳಾ ಬ್ಯಾಗನ್ನು ಕೆಳಗಿಟ್ಟು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಬಸ್ಸಿನಲ್ಲಿ ಅವಳಿಗೂ ಇಂಥದ್ದು ಬೀಳುತ್ತಿತ್ತು. ಟಿಕೆಟ್ ಕೊಡೋದೇನು ಮಹಾ ಕೆಲಸ ಎಂದು ಯಾರಾದರೂ ಅಂದರೆ ಅವಳು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಮತ್ತೆ ಏನಂತ ಹೇಳ್ಲಿ? ಅದಕ್ಕೊಂದು ಹೆಸರೇ ಇಲ್ವಲ್ಲ," ಎಂದಳು.

"ಮನೆ ನೋಡ್ಕೋತಾರೆ ಅನ್ನು."

"ಮನೆ ಕೊಡ್ಸೋ ಬ್ರೋಕರ್ ಅಂದ್ಕೋತಾರೆ. ಕೆಂಚಣ್ಣ ಆಗ್ಲೇ ಸೈಟು ಹುಡುಕ್ತಾವ್ನೆ, ಬಂದು ಕೂತ್ಕೋತಾನೆ."

ಚನ್ನೇಶನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಅವಳು ಎದ್ದು ಖಾಕಿಯಲ್ಲೇ ಪಾತ್ರೆಗೆ ಕೂತಳು. ಅವನು ಪಕ್ಕದ ಮನೆಯಿಂದ ಎರಡು ಬಿಂದಿಗೆ ನೀರು ಕಡ ತಂದು ಒಲೆ ಹಚ್ಚಿದ. ಪಾತ್ರೆ ಉಜ್ಜುತ್ತಿದ್ದಂತೆ ಅವಳಿಗೆ ಬಸ್ತಿಹಳ್ಳಿಯ ಅಜ್ಜಿ ಆಡುತ್ತಿದ್ದ ಮಾತು ನೆನಪಾಯಿತು. "ಮನೆವಾರ್ತೆ ಅಂತಿದ್ಲು ನಮ್ಮಜ್ಜಿ. ಮನೆವಾರ್ತೆ ನೋಡ್ಕೋತಾರೆ ಅಂತೀನಿ," ಎಂದಳು. ಆಮೇಲೆ ಯಾರು ಕೇಳಿದರೂ ಹಾಗೇ ಹೇಳಿದಳು. ಕೆಲವರಿಗೆ ಅರ್ಥವಾಗುತ್ತಿತ್ತು, ಕೆಲವರು ವಾರ್ತೆ ಅಂದದ್ದು ಕೇಳಿ ಪೇಪರಿನವರಾ ಎನ್ನುತ್ತಿದ್ದರು.

ಮಗಳು ಸಿರಿ ಹುಟ್ಟಿದಳು. ರಜೆ ಮುಗಿಸಿ ಶರ್ಮಿಳಾ ಡ್ಯೂಟಿಗೆ ಹೋದ ಮೊದಲ ದಿನ ಮಗು ಬಾಟಲಿಗೆ ಬಾಯಿ ಹಾಕದೆ ಮಧ್ಯಾಹ್ನದವರೆಗೂ ಅತ್ತಿತು. ಚನ್ನೇಶ ಅದನ್ನು ಹೆಗಲ ಮೇಲೆ ಹಾಕಿಕೊಂಡು ಸೊಪ್ಪಿನ ಮಡಿಗಳ ನಡುವೆ ಓಡಾಡಿದ. ಒಂದು ಗೂಡ್ಸ್ ರೈಲು ಹೋಯಿತು. ಆ ಸದ್ದಿಗೆ ಮಗು ಅಳು ನಿಲ್ಲಿಸಿ ಬಾಯಿ ತೆರೆದು ನೋಡಿತು. ಅವನು ಆ ಸಂದಿಯಲ್ಲಿ ಬಾಟಲಿ ಕೊಟ್ಟ. ಸಿರಿಗೆ ಈಗಲೂ ಊಟದ ಹೊತ್ತಿಗೆ ರೈಲು ಬಂದರೆ ಸಂತೋಷ.

ಷಡಕ್ಷರಪ್ಪನವರು ಇಷ್ಟು ವರ್ಷಗಳಲ್ಲಿ ಆ ಮನೆಗೆ ಬಂದದ್ದು ಕಡಿಮೆ. ಬಂದರೂ ನೀರು ಕುಡಿದು ಎದ್ದುಬಿಡುತ್ತಿದ್ದರು. ಸೊಸೆ ಕಂಡಕ್ಟರಾಗಿದ್ದ ಬಸ್ಸನ್ನಂತೂ ಹತ್ತಿರಲಿಲ್ಲ. ಬಾಣಾವರದ ಸ್ಟ್ಯಾಂಡಿನಲ್ಲಿ ಅದು ಬಂದು ನಿಂತರೆ ಕನ್ನಡಕ ಒರೆಸಿಕೊಳ್ಳುತ್ತ ಮುಂದಿನದಕ್ಕೆ ಕಾಯುತ್ತಿದ್ದರು. ಹೋದ ವರ್ಷ ಮಂಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆಗೆ ಪೆಟ್ಟಾಯಿತು. ಅರಸೀಕೆರೆಯಲ್ಲೇ ಆಪರೇಷನ್ ಮಾಡಿದರು. ಆಮೇಲೂ ಡಾಕ್ಟರನ್ನು ಆಗಾಗ ಕಾಣಬೇಕಿತ್ತು. ಪುಷ್ಪಲತಾ ತಾನು ನೋಡಿಕೊಳ್ಳುತ್ತೇನೆಂದಳು. ಶಶಿಕಿರಣ್ ಅರಸೀಕೆರೆಯಲ್ಲೇ ಇರಲಿ ಅಂದ. ಕೊನೆಗೆ ಅವರು ಚನ್ನೇಶನ ಮನೆಯ ಮುಂದಿನ ಕೋಣೆಗೆ ಬಂದರು.

ಚನ್ನೇಶ ಅವರಿಗೆ ಸ್ನಾನ ಮಾಡಿಸಿದ, ಬೆನ್ನು ಒರೆಸಿದ, ಪೂಜೆಯ ತಟ್ಟೆ ಜೋಡಿಸಿದ, ಬೆಡ್‌ಪ್ಯಾನ್ ತೊಳೆದ. ಮೊದಮೊದಲು ಅವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಆಮೇಲೆ ಕಣ್ಣು ತೆರೆದು ಮಗ ಕೆಲಸ ಮಾಡುವುದನ್ನು ನೋಡಲು ಶುರುಮಾಡಿದರು. ಬೇರೇನೂ ನೋಡಲಿಕ್ಕಿರಲಿಲ್ಲ ಎಂಬುದೂ ನಿಜ. ಬಟ್ಟೆ ಒಗೆದು ಬಂದ, ಕಾಳು ಆರಿಸಿದ, ಸಿರಿಯ ಜಡೆ ಹಾಕಿ ಶಾಲೆಗೆ ಬಿಟ್ಟು ಬಂದ, ಕಳೆ ಕಿತ್ತ, ಗೋಧಿ ಬೀಸಿಸಲು ಹೋದ.

"ಕೂತ್ಕೊಳೋದೇ ಇಲ್ವೇನೋ ನೀನು?" ಎಂದು ಒಂದು ದಿನ ಕೇಳಿದರು.

"ಮಧ್ಯಾಹ್ನ ಒಂಚೂರು ಕೂತ್ಕೋತೀನಿ ಅಪ್ಪಾಜಿ."

"ನಿಮ್ಮಮ್ಮನೂ ಹಿಂಗೇನಾ? ನಾನು ನೋಡ್ಲೇ ಇಲ್ಲ. ಬೆಳಿಗ್ಗೆ ಹೋದ್ರೆ ಸಂಜೆ ಬರ್ತಿದ್ದೆ."

ಚನ್ನೇಶ ಕೈಯಲ್ಲಿದ್ದ ಮೊರವನ್ನು ಅಲುಗಿಸುತ್ತ ಕೂತ.

ವಾಕರ್ ಹಿಡಿದು ಓಡಾಡುವಂತಾದ ಮೇಲೆ ಒಂದು ಮಧ್ಯಾಹ್ನ ಊಟ ಮುಗಿಸಿದ ಷಡಕ್ಷರಪ್ಪನವರು ತಟ್ಟೆಯನ್ನು ಬಿಟ್ಟು ಏಳಲಿಲ್ಲ. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ವಾಕರ್ ನೂಕುತ್ತ ಬಚ್ಚಲಿಗೆ ಹೋದರು. ಎಂಬತ್ತು ದಾಟಿದವರು, ಹುಟ್ಟಿದ ಮೇಲೆ ತಟ್ಟೆ ತೊಳೆದವರಲ್ಲ. ಸೋಪು ಹೆಚ್ಚಾಯಿತು, ನೀರು ಕಾಲ ಮೇಲೆ ಚೆಲ್ಲಿತು. ಚನ್ನೇಶ, "ಅಲ್ಲಿಡಿ ಅಪ್ಪಾಜಿ, ನಾನು ತೊಳೀತೀನಿ," ಎಂದ. "ಸುಮ್ನಿರೋ," ಎಂದರು. ತೊಳೆದು ಗೋಡೆಗೆ ಒರಗಿಸಿ, ಉಸಿರು ಬಿಡುತ್ತ ಹೋಗಿ ಮಲಗಿದರು. ಅಂಚಿನಲ್ಲಿ ಜಿಡ್ಡು ಹಾಗೇ ಇತ್ತು. ಅವರು ನಿದ್ದೆ ಹೋದ ಮೇಲೆ ಚನ್ನೇಶ ಅದನ್ನು ಸದ್ದಾಗದಂತೆ ಇನ್ನೊಮ್ಮೆ ತೊಳೆದಿಟ್ಟ. ಅಲ್ಲಿದ್ದಷ್ಟು ದಿನವೂ ಅವರು ತಮ್ಮ ತಟ್ಟೆ ತೊಳೆದರು, ಅಷ್ಟು ದಿನವೂ ಅದು ಎರಡು ಸಲ ತೊಳೆಸಿಕೊಂಡಿತು.

ಊರಿಗೆ ಹಿಂದಿರುಗುವ ದಿನ ಶಶಿಕಿರಣ್ ಕಾರು ಮಾಡಿಕೊಂಡು ಬರುತ್ತೇನೆಂದ. ಷಡಕ್ಷರಪ್ಪನವರು ಬೇಡವೆಂದರು. "ಶರ್ಮಿಳನ ಬಸ್ಸು ಎಷ್ಟೊತ್ತಿಗೆ?" ಎಂದು ಚನ್ನೇಶನನ್ನು ಕೇಳಿದರು. ಕೆಂಚಯ್ಯ ಬಸ್ಸನ್ನು ಅವರ ಕಾಲಿಗೆ ಹತ್ತಿರವಾಗಿ ತಂದು ನಿಲ್ಲಿಸಿದ. ಮುಂದಿನ ಸೀಟಿನಲ್ಲಿ ತಂದೆ ಮಗ ಕೂತರು. ಶರ್ಮಿಳಾ ಹಿಂದಿನಿಂದ ಟಿಕೆಟ್ ಕೊಡುತ್ತ, ನಿಂತವರನ್ನು ಒಳಕ್ಕೆ ತಳ್ಳುತ್ತ, ಚಿಲ್ಲರೆಗೆ ಜಗಳವಾಡುತ್ತ ಮುಂದೆ ಬಂದಳು. ಮಾವನ ಮುಂದೆ ಬಂದಾಗ ದನಿ ತಗ್ಗಿಸಿ, "ಆಧಾರ್ ಕಾರ್ಡ್ ಇಟ್ಕೊಂಡಿದೀರಾ ಮಾವ? ಸೀನಿಯರ್ ಸಿಟಿಜನ್ ಹಾಕ್ತೀನಿ," ಎಂದಳು. ಅವರು ಜೇಬಿನಿಂದ ತೆಗೆದು ತೋರಿಸಿದರು. ಅವಳು ನೋಡಿ, ಮೆಷಿನ್ನಿನಿಂದ ಚೀಟಿ ಹರಿದು ಕೈಗೆ ಕೊಟ್ಟಳು. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು.

ಬಾಣಾವರದ ಮನೆಯಲ್ಲಿ ಪುಷ್ಪಲತಾ ಮಾವನ ಹಾಸಿಗೆಯನ್ನು ನಡುಮನೆಯಲ್ಲಿ ಹಾಕಿ ಕಾಯುತ್ತಿದ್ದಳು. ಚನ್ನೇಶ ಅವರನ್ನು ಮಲಗಿಸಿ, ಔಷಧಿಗಳನ್ನು ಅತ್ತಿಗೆಗೆ ವಹಿಸಿ, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಹೇಳಿದ. ಅವಳು ಊಟ ಮಾಡಿಕೊಂಡು ಹೋಗು ಎಂದಳು. ಸಿರಿ ಶಾಲೆಯಿಂದ ಬರುವ ಹೊತ್ತಾಗುತ್ತದೆ ಎಂದ. "ಹಂಗಾದ್ರೆ ಇದನ್ನಾದ್ರೂ ತಗೊಂಡ್ಹೋಗು," ಎಂದು ಅವಳು ಒಂದು ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಟ್ಟಳು. ಅರಸೀಕೆರೆಯ ಬಸ್ಸಿನಲ್ಲಿ ಕೂತು ಅವನು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ. ಗರಿಗರಿಯಾಗಿತ್ತು, ಖಾರ ತುಸು ಮುಂದಿತ್ತು. ಇನ್ನೊಂದು ತಿಂದ. ಸಂಜೆಗೆ ಮೆಂತ್ಯದ ಮಡಿಗೆ ನೀರು ಹಾಕಬೇಕಿತ್ತು, ಮುಂದಿನ ಕೋಣೆಯ ಹಾಸಿಗೆ ಬಟ್ಟೆಗಳನ್ನು ನೆನೆಹಾಕಬೇಕಿತ್ತು.